‘ಪ್ರೀಸ್ಟ್’ (1994): ಎರಡು ಗುಟ್ಟುಗಳನ್ನು ಒಬ್ಬನೇ ಪಾದ್ರಿಯ ತಲೆಗೆ ಕಟ್ಟಿದ್ದು ಸರಿಯಾ?

ತೆರೆಮರೆ
ಕತೆ ಪೂರ್ತಿ ಬರುತ್ತದೆ. ನೋಡದವರು ಮೊದಲು ನೋಡಿ ಬನ್ನಿ.

ಆಂಟೋನಿಯಾ ಬರ್ಡ್ ನಿರ್ದೇಶನದ ‘ಪ್ರೀಸ್ಟ್’ ನೋಡಿದೆ. ಬರೆದವರು ಜಿಮ್ಮಿ ಮೆಕ್‌ಗವರ್ನ್. ಲಿವರ್‌ಪೂಲ್‌ನ ಬಡವರ ಕೇರಿಯ ಕ್ಯಾಥೊಲಿಕ್ ಚರ್ಚಿಗೆ ಫಾದರ್ ಗ್ರೆಗ್ ಹೊಸದಾಗಿ ಬರುತ್ತಾನೆ. ಚಿಕ್ಕ ವಯಸ್ಸು, ನಿಯಮದಲ್ಲಿ ಬಿಗಿ. ಪಾಪಕ್ಕೆ ಅವರವರೇ ಹೊಣೆ, ಸಮಾಜದ ಮೇಲೆ ಹೊರಿಸಬೇಡಿ ಅಂತ ಪ್ರಬೋಧನೆ ಕೊಡುತ್ತಾನೆ. ಜೊತೆಯಲ್ಲಿರುವ ಹಿರಿಯ ಪಾದ್ರಿ ಮ್ಯಾಥ್ಯೂಗೂ ಮನೆ ನೋಡಿಕೊಳ್ಳುವ ಮಾರಿಯಾಗೂ ಸಂಬಂಧ ಇದೆ ಅಂತ ಗೊತ್ತಾದಾಗ ಸಿಡಿಯುತ್ತಾನೆ. ಆಮೇಲೊಂದು ರಾತ್ರಿ ತಾನೇ ಕಾಲರ್ ತೆಗೆದಿಟ್ಟು, ಲೆದರ್ ಜಾಕೆಟ್ ಹಾಕಿಕೊಂಡು ಗೇ ಬಾರಿಗೆ ಹೋಗುತ್ತಾನೆ. ಅಲ್ಲಿ ಗ್ರಹಾಂ ಸಿಗುತ್ತಾನೆ.

ಇದೊಂದು ಕತೆ. ಇನ್ನೊಂದು, ಲೀಸಾ ಅನ್ನುವ 14 ವರ್ಷದ ಹುಡುಗಿಯದು. ಪಾಪನಿವೇದನೆಗೆ (ಮಾಡಿದ ಪಾಪವನ್ನು ಪಾದ್ರಿಯ ಮುಂದೆ ಗುಟ್ಟಾಗಿ ಹೇಳಿಕೊಂಡು ಕ್ಷಮೆ ಬೇಡುವುದು) ಬಂದವಳು, ಅಪ್ಪನೇ ತನ್ನ ಮೇಲೆ ದೌರ್ಜನ್ಯ ಮಾಡುತ್ತಿದ್ದಾನೆ ಅಂತ ಹೇಳುತ್ತಾಳೆ. ಅಲ್ಲಿ ಕೇಳಿದ್ದನ್ನು ಪಾದ್ರಿ ಹೊರಗೆ ಬಾಯಿ ಬಿಡುವಂತಿಲ್ಲ.

ನನಗೆ ಕಿರಿಕಿರಿ ಆಗಿದ್ದು ಇಲ್ಲೇ. ದೊಡ್ಡವರಿಬ್ಬರು ಒಪ್ಪಿ ಕೂಡಿದ್ದನ್ನೂ ಮಗುವಿನ ಮೇಲಿನ ದೌರ್ಜನ್ಯವನ್ನೂ ಅಕ್ಕಪಕ್ಕ ಇಟ್ಟಿದ್ದು ಯಾಕೆ? ಗೇ ಪಾದ್ರಿ ಅಂದ ಕೂಡಲೇ ಮಕ್ಕಳ ವಿಷಯ ಎತ್ತುವವರು ಮೊದಲೇ ಜಾಸ್ತಿ. ಅಂಥವರ ಕೈಗೆ ಇದು ಕೋಲು ಕೊಟ್ಟ ಹಾಗೆ ಆಗಲಿಲ್ವಾ?

ಕೊನೇಬೆಂಚು
ಹೆಸರು ನೋಡಿ ಹುಡುಕುವವರು ಹುಷಾರು. 2011ರಲ್ಲಿ ಇದೇ ಹೆಸರಿನ ರಕ್ತಪಿಶಾಚಿಗಳ ಸಿನಿಮಾ ಒಂದು ಬಂದಿದೆ. ಇದು ಲೈನಸ್ ರೋಚ್, ಟಾಮ್ ವಿಲ್ಕಿನ್ಸನ್, ರಾಬರ್ಟ್ ಕಾರ್ಲೈಲ್ ಇರುವುದು.

ಸಂಜೆಗಾಳಿ
ತೆರೆಮರೆ ಅವರೇ, ನೀವು ಹೇಳಿದ್ದಕ್ಕೆ ಪೂರ್ತಿ ಉಲ್ಟಾ ನನ್ನ ಅಭಿಪ್ರಾಯ. ಈ ಸಿನಿಮಾದಲ್ಲಿ ಮಗುವನ್ನು ಹಿಂಸಿಸುವವನು ಯಾರು? ಮದುವೆಯಾದ ಗಂಡಸು. ಸಂಸಾರಸ್ಥ. ಯಾರ ಕಣ್ಣಿಗೂ ಬೀಳದೆ ಆರಾಮಾಗಿ ಓಡಾಡಿಕೊಂಡಿರುವವನು. ಗೇ ಪಾದ್ರಿ ಆ ಮಗುವನ್ನು ಹೇಗೆ ಉಳಿಸಲಿ ಅಂತ ಒದ್ದಾಡುವವನು. ಊರು ಉಗಿಯುವುದು ಮಾತ್ರ ಇವನಿಗೆ. ಜನ ಮಾಡುವ ಆ ಜೋಡಣೆಯನ್ನು ಮುರಿಯುವುದಕ್ಕೇ ಎರಡನ್ನೂ ಪಕ್ಕಪಕ್ಕ ಇಟ್ಟಿದ್ದಾರೆ.

ತೆರೆಮರೆ
ಉದ್ದೇಶ ಅದೇ ಇರಬಹುದು ಮೇಡಂ. ಆದರೆ ಒಂದೂಮುಕ್ಕಾಲು ಗಂಟೆಯಲ್ಲಿ ಎರಡೂ ಭಾರದ ವಿಷಯ. ಗ್ರಹಾಂ ಜೊತೆಗಿನ ಸಂಬಂಧ ಬೆಳೆಯುವುದಕ್ಕೇ ಜಾಗ ಸಿಗಲಿಲ್ಲ. ಭೇಟಿ, ಹಾಸಿಗೆ, ಜಗಳ, ಬಂಧನ, ಅಷ್ಟೆ. ಅವರಿಬ್ಬರೂ ಕೂತು ನೆಟ್ಟಗೆ ಮಾತಾಡಿದ್ದೇ ಕಡಿಮೆ.

ಮೇಣದಬತ್ತಿ
ನಾನು ಕ್ಯಾಥೊಲಿಕ್. ಚಿಕ್ಕಂದಿನಿಂದ ಪಾಪನಿವೇದನೆಗೆ ಹೋದವಳು. ಒಳಗಿನವಳಾಗಿ ಒಂದು ಮಾತು.

ಎರಡೂ ಕತೆಗಳನ್ನು ಕಟ್ಟಿರುವ ಹಗ್ಗ ಒಂದೇ, ಅದು ಮೌನ. ಗ್ರೆಗ್ ತನ್ನ ಬಗ್ಗೆ ಹೇಳುವಂತಿಲ್ಲ, ಲೀಸಾ ಬಗ್ಗೆಯೂ ಹೇಳುವಂತಿಲ್ಲ. ಮೊದಲನೆಯದು ನಾಚಿಕೆಯ ಮೌನ, ಎರಡನೆಯದು ಪವಿತ್ರವಾದ ಮೌನ. ದಿನ ಕಳೆದ ಹಾಗೆ ಅವನಿಗೆ ಎರಡೂ ಒಂದೇ ಭಾರವಾಗಿ ಕೂರುತ್ತವೆ. ಬಿಡಿಸಿ ನೋಡಿದರೆ ಎರಡು ಸಾಧಾರಣ ಸಿನಿಮಾ ಆಗುತ್ತಿದ್ದವು.

ಈ ನಿಯಮ ಎಷ್ಟು ಗಟ್ಟಿ ಅಂತ ಹೊರಗಿನವರಿಗೆ ಅಂದಾಜು ಸಿಗುವುದು ಕಷ್ಟ. ಧರ್ಮಸಭೆಯ 1983ರ ಕಾನೂನು ಸಂಹಿತೆಯ 983ನೇ ವಿಧಿ ಪ್ರಕಾರ ಪಾಪನಿವೇದನೆಯ ಮುದ್ರೆಯನ್ನು, ಅಂದರೆ ಅಲ್ಲಿ ಕೇಳಿದ್ದನ್ನು ಹೊರಗೆ ಹೇಳಬಾರದು ಅನ್ನುವ ಕಟ್ಟನ್ನು, ಯಾವ ಕಾರಣಕ್ಕೂ ಮುರಿಯುವಂತಿಲ್ಲ. ಮಾತಿನಿಂದ ಮಾತ್ರ ಅಲ್ಲ, ಬೇರೆ ಯಾವ ರೀತಿಯಲ್ಲೂ. ನೇರವಾಗಿ ಮುರಿದ ಪಾದ್ರಿಗೆ ಆ ಕ್ಷಣವೇ ಬಹಿಷ್ಕಾರ, ಬಿಷಪ್ ಆದೇಶಕ್ಕೂ ಕಾಯಬೇಕಾಗಿಲ್ಲ. ಪ್ರಾಗ್‌ನಲ್ಲಿ 1393ರಲ್ಲಿ ರಾಜ ನದಿಗೆ ಎಸೆಸಿದ ನೆಪೊಮುಕ್‌ನ ಸಂತ ಜಾನ್, ರಾಣಿಯ ಪಾಪನಿವೇದನೆ ಹೇಳದೆ ಸತ್ತ ಅನ್ನುವ ಕತೆಯನ್ನು ನಮಗೆ ಮಕ್ಕಳಿದ್ದಾಗಲೇ ಹೇಳುತ್ತಾರೆ. ಗ್ರೆಗ್ ಕೂಡ ಅಂಥ ಕತೆ ಕೇಳಿ ಬೆಳೆದವನೇ ಇರಬೇಕು.

ಕರಿಕೋಟು
ನಿಯಮ ಗಟ್ಟಿ, ಒಪ್ಪಿದೆ. ಆದರೆ ಅದರೊಳಗೇ ದಾರಿ ಇರಲಿಲ್ವಾ? ಒಂದು, ಲೀಸಾಗೆ ‘ಹೊರಗೆ ಬಂದು ಇದೇ ಮಾತನ್ನು ಇನ್ನೊಮ್ಮೆ ಹೇಳಮ್ಮ’ ಅನ್ನಬಹುದಿತ್ತು. ಹೊರಗೆ ಹೇಳಿದ್ದಕ್ಕೆ ಮುದ್ರೆ ಇಲ್ಲ.

ಎರಡನೆಯದು ಇನ್ನೂ ಮುಖ್ಯ. ಅಪ್ಪನೂ ಪಾಪನಿವೇದನೆಯ ಗೂಡಿಗೆ ಬಂದು ಕೂರುತ್ತಾನಲ್ಲ, ಅವನಿಗೆ ಪಶ್ಚಾತ್ತಾಪ ಎಲ್ಲಿದೆ? ಮಾಡುತ್ತಿರುವುದನ್ನು ಸಮರ್ಥಿಸಿಕೊಳ್ಳುತ್ತಾನೆ, ಮಗಳ ತಂಟೆಗೆ ಬರಬೇಡ ಅಂತ ಪಾದ್ರಿಗೇ ಬೆದರಿಕೆ ಹಾಕುತ್ತಾನೆ. ಪಾಪಕ್ಷಮೆ ಬೇಡಿ ಹೇಳಿಕೊಂಡರೆ ತಾನೇ ಅದು ಪಾಪನಿವೇದನೆ? ಆ ಜಾಗದಲ್ಲಿ ಕೂತು ಬೆದರಿಸಿದ ಮಾತ್ರಕ್ಕೆ ಅದು ಸಂಸ್ಕಾರ ಆಗಿಬಿಡುತ್ತಾ?

ಮೇಣದಬತ್ತಿ
ನಿಮ್ಮ ಎರಡನೇ ಮಾತಿನಲ್ಲಿ ಬಲ ಇದೆ. ಕ್ಷಮೆ ಪಡೆಯುವ ಮನಸ್ಸಿಲ್ಲದೆ ಸುಮ್ನೆ ಗೂಡಿಗೆ ಬಂದು ಆಡಿದ ಮಾತು ಮುದ್ರೆಯೊಳಗೆ ಬರುವುದಿಲ್ಲ ಅಂತ ವಾದಿಸುವವರು ಧರ್ಮಸಭೆಯ ಕಾನೂನು ಬಲ್ಲವರಲ್ಲೇ ಇದ್ದಾರೆ. ಆದರೆ ಗ್ರೆಗ್ ಜಾಗದಲ್ಲಿ ನಿಂತು ನೋಡಿ. ಅಪ್ಪನ ಮಾತು ಹೊರಗೆ ಹಾಕಿದರೆ ಲೀಸಾ ಹೇಳಿದ್ದೂ ಜೊತೆಗೇ ಬಯಲಾಗುತ್ತದೆ. ಅವಳದಂತೂ ಖಂಡಿತ ಪಾಪನಿವೇದನೆ. ಅವಳೋ ಭಯಕ್ಕೆ ಬೇರೆ ಯಾರ ಹತ್ತಿರವೂ ಹೇಳಲು ತಯಾರಿಲ್ಲ.

ಅವನು ಸುಮ್ನೆ ಕೂತಿಲ್ಲ ಅನ್ನುವುದನ್ನೂ ಮರೆಯಬೇಡಿ. ತಾಯಿಗೆ ಸೂಚನೆ ಕೊಡಲು ನೋಡುತ್ತಾನೆ. ಶಾಲೆಯವರ ಗಮನ ಸೆಳೆಯಲು ನೋಡುತ್ತಾನೆ. ಬಾಯಿಗೆ ಬೀಗ ಹಾಕಿಕೊಂಡೇ ಕೂಗುವ ಪ್ರಯತ್ನ.

ಹಗಲುಗನಸು
ಮಕ್ಕಳ ಆಪ್ತಸಮಾಲೋಚನೆ ನನ್ನ ಕೆಲಸ. ಲೀಸಾ ದೃಶ್ಯದಲ್ಲಿ ನಾನು ನೋಡಿದ್ದು ಬೇರೆ.

ಮಕ್ಕಳು ಇಂಥ ವಿಷಯವನ್ನು ಒಂದೇ ಸಲಕ್ಕೆ ಹೇಳುವುದು ಅಪರೂಪ. ಮೊದಲು ಒಂದು ತುಣುಕು ಹೇಳಿ ಎದುರಿನವರ ಮುಖ ನೋಡುತ್ತಾರೆ. ಗಾಬರಿಯಾದರೆ ಅಲ್ಲಿಗೇ ಬಾಯಿ ಮುಚ್ಚಿಕೊಳ್ಳುತ್ತಾರೆ. ಇಲ್ಲಿ ಜಾಲರಿಯ ಆಚೆ ಮುಖ ಸರಿಯಾಗಿ ಕಾಣುವುದಿಲ್ಲ, ಅದಕ್ಕೇ ಅವಳಿಗೆ ಧೈರ್ಯ ಬಂದಿದೆ. ಅಂದರೆ ಆ ಗೂಡು ಮಾತು ಹೊರಡಿಸುವ ಕೆಲಸ ಚೆನ್ನಾಗಿ ಮಾಡಿತು. ಮುಂದೆ ಏನು ಮಾಡಬೇಕು ಅನ್ನುವುದು ಅದಕ್ಕೆ ಗೊತ್ತಿಲ್ಲ.

ಇನ್ನೊಂದು. ಅವಳು ಹೇಳಿದ್ದು ಅವಳ ಪಾಪವೇ ಅಲ್ಲ. ಬೇರೆಯವನು ಮಾಡಿದ ಅಪರಾಧವನ್ನು ತನ್ನ ಪಾಪದ ಪಟ್ಟಿಯಲ್ಲಿ ಹೇಳುತ್ತಾಳೆ. ‘ಇದರಲ್ಲಿ ನಿನ್ನ ತಪ್ಪು ಒಂದಿಷ್ಟೂ ಇಲ್ಲ’ ಅನ್ನುವ ಮಾತನ್ನು ದೊಡ್ಡವರು ಮೊದಲು ಹೇಳಬೇಕು, ಮತ್ತೆ ಮತ್ತೆ ಹೇಳಬೇಕು. ಅದಕ್ಕೆ ಯಾವ ಮುದ್ರೆಯೂ ಅಡ್ಡ ಬರುವುದಿಲ್ಲ.

ನೂರೆಂಟು
ಅಮೆರಿಕದ ಸಿನಿಮಾ ವಿಮರ್ಶಕ ರೋಜರ್ ಎಬರ್ಟ್ ಈ ಚಿತ್ರಕ್ಕೆ ಒಂದೇ ಒಂದು ಸ್ಟಾರ್ ಕೊಟ್ಟಿದ್ದರು. ನಾನು ಅವರ ಪಕ್ಷ. ಪಾದ್ರಿಗೆ ಬುದ್ಧಿ ಇದ್ದಿದ್ದರೆ ದಾರಿ ಸಿಗುತ್ತಿತ್ತು. ಕರಿಕೋಟು ಅವರೇ ಐದು ನಿಮಿಷದಲ್ಲಿ ಎರಡು ದಾರಿ ತೋರಿಸಿದರು. ಕಣ್ಣೀರು ಬರಿಸಬೇಕು ಅಂತ ಬೇಕೆಂದೇ ಅವನ ಕೈ ಕಟ್ಟಿಹಾಕಿದ್ದಾರೆ. ಸಿಕ್ಕ ಬಿಷಪ್ ಕ್ರೂರಿ, ಸಿಕ್ಕ ಭಕ್ತರು ಕಪಟಿಗಳು. ಇಷ್ಟು ಏಕಪಕ್ಷೀಯವಾಗಿ ಬರೆದರೆ ವಾದ ಗೆದ್ದ ಹಾಗಲ್ಲ.

ಕೊನೇಬೆಂಚು
ಏಕಪಕ್ಷೀಯ ಅಂತೀರಲ್ಲ, ಆ ಪ್ರಾರ್ಥನೆಯ ದೃಶ್ಯ ಎಲ್ಲಿ ಇಡ್ತೀರಿ? ಗ್ರೆಗ್ ಶಿಲುಬೆಯ ಮುಂದೆ ಯೇಸುವಿನ ಮೇಲೇ ಕೂಗಾಡುತ್ತಾನೆ. ಏನಾದರೂ ಮಾಡು, ಅಲ್ಲೇ ನೇತಾಡಿಕೊಂಡು ಇರಬೇಡ ಅನ್ನುವ ಹಾಗೆ. ಅದೇ ಹೊತ್ತಿಗೆ ಲೀಸಾಳ ತಾಯಿ ಮನೆಗೆ ವಾಪಸ್ ಬಂದು ಅಪ್ಪ ಮಾಡುತ್ತಿರುವುದನ್ನು ಕಣ್ಣಾರೆ ನೋಡುತ್ತಾಳೆ. ಒಂದು ಕಡೆ ಇವನ ಕೂಗು, ಇನ್ನೊಂದು ಕಡೆ ಅವಳ ಹೆಜ್ಜೆ. ದೇವರನ್ನು ನಂಬದವನು ಹೀಗೆ ಬರೆಯಲ್ಲ ಗುರು.

ಸಂಜೆಗಾಳಿ
ನನಗೂ ಅದೇ ದೃಶ್ಯ ಇಷ್ಟ. ಪ್ರಾರ್ಥನೆ ಕೇಳಿಸಿತಾ, ಕಾಕತಾಳೀಯವಾ ಅಂತ ಸಿನಿಮಾ ಹೇಳುವುದಿಲ್ಲ. ಕೇಳಿಸಿತು ಅಂದುಕೊಂಡರೂ ಮಗುವಿನ ನೋವು ಕಡಿಮೆ ಆಗಲಿಲ್ಲ. ಆಮೇಲೆ ತಾಯಿ ಬಂದು ‘ನಿನಗೆ ಮೊದಲೇ ಗೊತ್ತಿತ್ತು’ ಅಂತ ಶಾಪ ಹಾಕುವಾಗ ಅವನ ಹತ್ತಿರ ಉತ್ತರ ಇಲ್ಲ.

ಚದುರಂಗ
ಒಂದು ಸಂಶಯ. ಇಂಗ್ಲೆಂಡಿನಲ್ಲಿ ಸಲಿಂಗ ಸಂಬಂಧ 1967ರಲ್ಲೇ ಅಪರಾಧದ ಪಟ್ಟಿಯಿಂದ ಹೋಗಿತ್ತಲ್ಲ? ಮತ್ತೆ 1994ರ ಸಿನಿಮಾದಲ್ಲಿ ಕಾರಿನೊಳಗೆ ಇದ್ದ ಗ್ರೆಗ್ ಮತ್ತು ಗ್ರಹಾಂನನ್ನು ಪೊಲೀಸರು ಹಿಡಿದಿದ್ದು ಹೇಗೆ?

ಕರಿಕೋಟು
ಪೂರ್ತಿ ಹೋಗಿರಲಿಲ್ಲ. 1967ರ ಕಾಯ್ದೆ ಬಿಟ್ಟಿದ್ದು ಇಷ್ಟು: ಇಬ್ಬರಿಗೂ 21 ತುಂಬಿರಬೇಕು, ಇಬ್ಬರೂ ಒಪ್ಪಿರಬೇಕು, ಖಾಸಗಿ ಜಾಗ ಆಗಿರಬೇಕು. ಖಾಸಗಿ ಅನ್ನುವುದನ್ನು ತುಂಬಾ ಬಿಗಿಯಾಗಿ ಓದುತ್ತಿದ್ದರು. ರಸ್ತೆ ಬದಿ ನಿಲ್ಲಿಸಿದ ಕಾರು ಖಾಸಗಿ ಅಲ್ಲ. ಅಸಭ್ಯ ವರ್ತನೆ ಅಂತ ಗಂಡಸರ ಮೇಲಷ್ಟೇ ಹಾಕುತ್ತಿದ್ದ ಹಳೇ ಕಲಂ 2003ರ ಕಾಯ್ದೆ ಬರುವವರೆಗೂ ಇತ್ತು. ಹೆಣ್ಣು ಗಂಡು ಜೋಡಿ ಅದೇ ಕಾರಿನಲ್ಲಿ ಸಿಕ್ಕಿದ್ದರೆ ಬಹುಶಃ ಬೈದು ಕಳಿಸುತ್ತಿದ್ದರು.

ಚಿತ್ರ ಬಂದ 1994ರಲ್ಲೇ ಆ 21 ವರ್ಷದ ಮಿತಿ 18ಕ್ಕೆ ಇಳಿಯಿತು. ಹೆಣ್ಣು ಗಂಡು ಜೋಡಿಗೆ 16 ಇತ್ತು. ಸಮ ಆಗಿದ್ದು 2001ರಲ್ಲಿ. ಗ್ರೆಗ್ ಕೋರ್ಟಿಗೆ ಹೋದ ಮೇಲೆ ಪತ್ರಿಕೆ ಅವನ ಮುಖ ಹಾಕಿ ಊರಿಗೆಲ್ಲ ಹಂಚುತ್ತದೆ. ನಿಜವಾದ ಶಿಕ್ಷೆ ಅದೇ.

ದಾರಿಹೋಕ
1967 ಅಂದಾಗ ಒಂದು ವಿಷಯ ನೆನಪಾಯಿತು, ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಲಿವರ್‌ಪೂಲ್‌ನ ಕ್ಯಾಥೊಲಿಕ್ ಕಥೀಡ್ರಲ್ ಪ್ರತಿಷ್ಠೆ ಆಗಿದ್ದು 1967ರ ಮೇ ತಿಂಗಳಲ್ಲಿ. ಪಾದ್ರಿಗಳ ಬ್ರಹ್ಮಚರ್ಯ ಬದಲಾಗುವುದಿಲ್ಲ ಅಂತ ಪೋಪ್ ಆರನೇ ಪೌಲ್ ವಿಶ್ವಪತ್ರ (ಇಡೀ ಧರ್ಮಸಭೆಗೆ ಬರೆಯುವ ಪತ್ರ) ಹೊರಡಿಸಿದ್ದು ಜೂನ್‌ನಲ್ಲಿ. ಇಂಗ್ಲೆಂಡಿನ ಆ ಕಾಯ್ದೆಗೆ ರಾಣಿಯ ಅಂಕಿತ ಬಿದ್ದಿದ್ದು ಜುಲೈಯಲ್ಲಿ. ಮೂರು ತಿಂಗಳಲ್ಲಿ ಮೂರೂ. ಗ್ರೆಗ್ ಹುಟ್ಟಿ ಬೆಳೆದ ಕಾಲ ಹೆಚ್ಚುಕಮ್ಮಿ ಅದೇ. ಒಂದು ಬಾಗಿಲು ಅರ್ಧ ತೆರೆಯುವಾಗ ಇನ್ನೊಂದಕ್ಕೆ ಚಿಲಕ ಬಿತ್ತು.

ಆ ಊರು ಕತೆಗೆ ಸುಮ್ನೆ ಹಿನ್ನೆಲೆ ಅಲ್ಲ. 1840ರ ದಶಕದ ಬರಗಾಲದಲ್ಲಿ ಐರ್ಲೆಂಡಿನಿಂದ ಹಸಿದು ಬಂದವರು ಹಡಗು ಇಳಿದಿದ್ದು ಅಲ್ಲಿ. ಕೆಲಸ ಇಲ್ಲದಿದ್ದರೂ ಚರ್ಚ್ ಇತ್ತು. ಮೆಕ್‌ಗವರ್ನ್ ಅದೇ ಊರಿನ ಕ್ಯಾಥೊಲಿಕ್ ಮನೆಯವರು. ಹೊರಗೆ ನಿಂತು ಕಲ್ಲು ಎಸೆದವರಲ್ಲ.

ಕೊನೇಬೆಂಚು
ಆ ಊರಿನಲ್ಲಿ ಎರಡು ಕಥೀಡ್ರಲ್ ಒಂದೇ ರಸ್ತೆಯ ಎರಡು ತುದಿಗೆ ಇವೆ ಅಂತಾರಲ್ಲ?

ದಾರಿಹೋಕ
ಹೌದು, ಹೋಪ್ ಸ್ಟ್ರೀಟ್. ಒಂದು ತುದಿಗೆ ಆಂಗ್ಲಿಕನ್ (ಚರ್ಚ್ ಆಫ್ ಇಂಗ್ಲೆಂಡಿನದು), ಇನ್ನೊಂದಕ್ಕೆ ಕ್ಯಾಥೊಲಿಕ್. ಆಂಗ್ಲಿಕನ್ನರದ್ದನ್ನು ಕಟ್ಟಿದ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ಕ್ಯಾಥೊಲಿಕ್. ಇಂಗ್ಲೆಂಡಿನ ಕೆಂಪು ಟೆಲಿಫೋನ್ ಬೂತ್ ವಿನ್ಯಾಸವೂ ಅವರದ್ದೇ.

ತೆರೆಮರೆ
ಚೆನ್ನಾಗಿದೆ, ಆದರೆ ಸಿನಿಮಾಗೆ ಬರೋಣ. ಪರಮಪ್ರಸಾದದ (ಪೂಜೆಯಲ್ಲಿ ಪಾದ್ರಿ ಭಕ್ತರಿಗೆ ಕೊಡುವ ಪವಿತ್ರ ರೊಟ್ಟಿ) ದೃಶ್ಯದ ಬಗ್ಗೆ ಯಾರೂ ಬರೆದಿಲ್ಲ. ಕೊನೆಯದಲ್ಲ, ಗ್ರಹಾಂ ಚರ್ಚಿಗೆ ಬರುತ್ತಾನಲ್ಲ, ಅದು.

ಮರಳಿಬಂದವ
ಆ ದೃಶ್ಯದ ಬಗ್ಗೆ ನಾನು ಬರೆಯುತ್ತೇನೆ. ಪಾದ್ರಿ ಆಗಬೇಕು ಅಂತ ಗುರುಮಠ ಸೇರಿದ್ದವನು ನಾನು. ದೀಕ್ಷೆಗೆ ಮುಂಚೆ ಬಿಟ್ಟು ಬಂದೆ. ನಾನು ಗೇ. ಅಲ್ಲಿ ನನಗೆ ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಎಲ್ಲರೂ ಒಳ್ಳೆಯವರು. ಆದರೆ ರಾತ್ರಿ ಪ್ರಾರ್ಥನೆ ಮುಗಿದ ಮೇಲೆ ಮಾತಿಲ್ಲ ಅನ್ನುವ ನಿಯಮ ಇತ್ತು. ನನಗೆ ಹಗಲೂ ಅದೇ ನಿಯಮ ಅನ್ನಿಸುತ್ತಿತ್ತು. ಒಬ್ಬ ಹಿರಿಯರ ಹತ್ತಿರ ಹೇಳಿಕೊಂಡೆ. ಅವರು ತುಂಬಾ ಮೃದುವಾಗಿ, ‘ಇದನ್ನು ಇನ್ನು ಯಾರಿಗೂ ಹೇಳಬೇಡ, ಪ್ರಾರ್ಥನೆ ಮಾಡು’ ಅಂದರು. ಪ್ರೀತಿಯಿಂದಲೇ ಅಂದರು. ಪ್ರಾರ್ಥನೆ ಮಾಡಿದೆ. ಆ ಮೌನ ಮಾತ್ರ ಹಾಗೇ ಇತ್ತು.

ಈಗ ದೃಶ್ಯ. ಗ್ರಹಾಂ ಪೂಜೆಗೆ ಬಂದಿದ್ದಾನೆ. ಪರಮಪ್ರಸಾದ ತೆಗೆದುಕೊಳ್ಳಲು ಮುಂದೆ ಬರುತ್ತಾನೆ. ಗ್ರೆಗ್ ಕೈಯಲ್ಲಿ ರೊಟ್ಟಿ ಇದೆ. ಎದುರಿಗೆ ತಾನು ಮುಟ್ಟಿದ ಮನುಷ್ಯ ಇದ್ದಾನೆ. ಕೊಡದೆ ಮುಂದಿನವರಿಗೆ ಹೋಗುತ್ತಾನೆ. ಗ್ರಹಾಂ ಮಾಡಿದ ಪಾಪ ಗ್ರೆಗ್‌ನದೂ ಹೌದು. ಆದರೆ ಪಾತ್ರೆ ಹಿಡಿದವನು ಇವನು, ಬರಿಗೈಲಿ ಹೋಗುವವನು ಅವನು. ಒಬ್ಬ ಪಾದ್ರಿ ತನ್ನನ್ನು ತಾನು ಎಷ್ಟು ದ್ವೇಷಿಸುತ್ತಾನೆ ಅಂತ ತೋರಿಸಲು ಬೇರೆ ಮಾತು ಬೇಕಾಗಲಿಲ್ಲ. ತೆರೆಮರೆ ಅವರೇ, ಇಬ್ಬರೂ ಮಾತಾಡಿದ್ದು ಕಡಿಮೆ ಅಂದಿರಿ. ನನ್ನ ಮಟ್ಟಿಗೆ ಅವರ ದೊಡ್ಡ ಸಂಭಾಷಣೆ ಇಲ್ಲೇ ನಡೆಯಿತು.

ಮೇಣದಬತ್ತಿ
ನೀವು ಇದನ್ನು ಇಲ್ಲಿ ಬರೆದಿದ್ದಕ್ಕೆ ಥ್ಯಾಂಕ್ಸ್. ‘ಯಾರಿಗೂ ಹೇಳಬೇಡ’ ಅನ್ನುವುದೇ ಸಲಹೆ ಆಗಿಬಿಟ್ಟಾಗ ಒಳ್ಳೆಯವರೂ ನೋವು ಕೊಡುತ್ತಾರೆ.

ನೂರೆಂಟು
ಮರಳಿಬಂದವ ಅವರ ಬಗ್ಗೆ ಗೌರವ ಇಟ್ಟುಕೊಂಡೇ ಕೇಳುತ್ತೇನೆ. ಬ್ರಹ್ಮಚರ್ಯದ ಮಾತು ಕೊಟ್ಟವನು ಗ್ರೆಗ್. ಯಾರೂ ಬಲವಂತ ಮಾಡಲಿಲ್ಲ. ಹೆಣ್ಣಿನ ಜೊತೆ ಹೋಗಿದ್ದರೂ ಅದು ಮಾತು ಮುರಿದಂತೆಯೇ. ಹಾಗಿದ್ದ ಮೇಲೆ ಇದು ಗೇ ಅನ್ನುವ ಪ್ರಶ್ನೆ ಹೇಗೆ ಆಗುತ್ತೆ? ಮಾತು ಉಳಿಸಿಕೊಳ್ಳುವ ಪ್ರಶ್ನೆ ಅಲ್ವಾ?

ಸಂಜೆಗಾಳಿ
ಅದಕ್ಕೇ ಮ್ಯಾಥ್ಯೂ ಇದ್ದಾನೆ ಸರ್! ಅವನೂ ಅದೇ ಮಾತು ಕೊಟ್ಟವನು. ಮಾರಿಯಾ ಜೊತೆ ಇದ್ದಾನೆ. ಪಬ್ಬಿನಲ್ಲಿ ಹಾಡುತ್ತಾನೆ, ಜನಕ್ಕೆ ಇಷ್ಟವಾದವನು. ಅವನ ಫೋಟೋ ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಮುರಿದ ಮಾತು ಒಂದೇ, ಬಿದ್ದ ಏಟು ಮಾತ್ರ ಒಬ್ಬನಿಗೆ. ಈ ಹೋಲಿಕೆ ಇಲ್ಲದಿದ್ದರೆ ನಿಮ್ಮ ವಾದ ನಾನೂ ಒಪ್ಪುತ್ತಿದ್ದೆ.

ಮೇಣದಬತ್ತಿ
ಬ್ರಹ್ಮಚರ್ಯವೂ ಮೊದಲಿನಿಂದ ಎಲ್ಲರಿಗೂ ಒಂದೇ ಥರ ಇದ್ದ ನಿಯಮ ಅಲ್ಲ. ದೀಕ್ಷೆ ಪಡೆದವರ ಮದುವೆ ಊರ್ಜಿತವೇ ಅಲ್ಲ ಅಂತ ಲ್ಯಾಟಿನ್ ಸಭೆ (ಪಶ್ಚಿಮದ ಕ್ಯಾಥೊಲಿಕ್ ಚರ್ಚ್) ಖಚಿತ ಮಾಡಿದ್ದು 1139ರ ಎರಡನೇ ಲ್ಯಾಟರನ್ ಮಹಾಸಭೆಯಲ್ಲಿ. ರೋಮ್ ಜೊತೆಗೇ ಇರುವ ಪೂರ್ವದ ಸಭೆಗಳಲ್ಲಿ ಮದುವೆಯಾದ ಗಂಡಸರು ಇವತ್ತಿಗೂ ಪಾದ್ರಿ ಆಗುತ್ತಾರೆ.

ಇನ್ನೂ ಹತ್ತಿರದ ಉದಾಹರಣೆ ಬೇಕಾ? ಚರ್ಚ್ ಆಫ್ ಇಂಗ್ಲೆಂಡ್ 1992ರಲ್ಲಿ ಹೆಂಗಸರಿಗೆ ಪಾದ್ರಿ ದೀಕ್ಷೆ ಕೊಡಲು ಮತ ಹಾಕಿತು, 1994ರಲ್ಲಿ ಕೊಟ್ಟಿತು. ಅದನ್ನು ಒಪ್ಪದ ಹಲವು ಆಂಗ್ಲಿಕನ್ ಪಾದ್ರಿಗಳು ಕ್ಯಾಥೊಲಿಕ್ ಆದರು. ಅವರಲ್ಲಿ ಮದುವೆಯಾದವರಿಗೂ ರೋಮ್ ವಿಶೇಷ ಅನುಮತಿ ಕೊಟ್ಟು ದೀಕ್ಷೆ ಕೊಟ್ಟಿತು. ಅಂದರೆ ಈ ಸಿನಿಮಾ ಬಂದ ಆಸುಪಾಸಿನಲ್ಲೇ ಇಂಗ್ಲೆಂಡಿನ ಕ್ಯಾಥೊಲಿಕ್ ಚರ್ಚಿನಲ್ಲಿ ಹೆಂಡತಿ ಮಕ್ಕಳಿರುವ ಪಾದ್ರಿಗಳು ಪೂಜೆ ಮಾಡುತ್ತಿದ್ದರು. ಮ್ಯಾಥ್ಯೂಗೆ ಹೊಟ್ಟೆ ಉರಿದಿರಬೇಕು.

ಗ್ರೆಗ್ ಥರದವರಿಗೆ ಮಾತ್ರ ಬಾಗಿಲು ಇನ್ನಷ್ಟು ಕಿರಿದಾಯಿತು. ಆಳವಾಗಿ ಬೇರೂರಿದ ಸಲಿಂಗ ಒಲವು ಇರುವವರನ್ನು ಗುರುಮಠಕ್ಕೆ ಸೇರಿಸಬಾರದು ಅಂತ 2005ರಲ್ಲಿ ವ್ಯಾಟಿಕನ್ ಸೂಚನೆ ಹೊರಡಿಸಿತು. ಬ್ರಹ್ಮಚರ್ಯ ಪಾಲಿಸಲು ಸಿದ್ಧ ಇದ್ದರೂ ಅಷ್ಟೆ. ನೂರೆಂಟು ಸರ್, ಪ್ರಶ್ನೆ ಬರೀ ಮಾತು ಉಳಿಸಿಕೊಳ್ಳುವುದೇ ಆಗಿದ್ದರೆ ಆ ಸೂಚನೆ ಯಾಕೆ ಬೇಕಿತ್ತು?

ನೂರೆಂಟು
ಆ ಸೂಚನೆಯ ವಿಷಯದಲ್ಲಿ ನಿಮ್ಮ ಮಾತು ಸರಿ. 2013ರಲ್ಲಿ ವಿಮಾನದಲ್ಲಿ ಪತ್ರಕರ್ತರ ಮುಂದೆ ಪೋಪ್ ಫ್ರಾನ್ಸಿಸ್, ದೇವರನ್ನು ಹುಡುಕುವ ಗೇ ವ್ಯಕ್ತಿಯನ್ನು ತೀರ್ಪು ಮಾಡಲು ನಾನು ಯಾರು ಅಂದಿದ್ದರು. ಆದರೂ ಸೂಚನೆ ರದ್ದಾಗಲಿಲ್ಲ. ಸಿನಿಮಾ ಕೈ ಕಟ್ಟಿಹಾಕಿ ಅಳಿಸುತ್ತದೆ ಅನ್ನುವ ನನ್ನ ಮಾತು ಮಾತ್ರ ಹಾಗೇ ಇದೆ.

ಹಗಲುಗನಸು
ನನಗೂ ಒಂದು ದೊಡ್ಡ ತಕರಾರು ಇದೆ. ಕೊನೆಯ ದೃಶ್ಯ. ಗ್ರೆಗ್ ಸಾಯಲು ಪ್ರಯತ್ನಪಟ್ಟು ಬದುಕಿದ್ದಾನೆ. ನನ್ನ ಪ್ರಾಂತ್ಯ ಬಿಟ್ಟು ತೊಲಗು ಅಂದಿದ್ದಾನೆ ಬಿಷಪ್. ಮ್ಯಾಥ್ಯೂ ಹೋಗಿ ಕರೆತರುತ್ತಾನೆ. ಇಬ್ಬರೂ ಸೇರಿ ಪೂಜೆ ಮಾಡುತ್ತಾರೆ. ಚರ್ಚಿನೊಳಗೇ ಜಗಳ, ಕೆಲವರು ಎದ್ದು ಹೋಗುತ್ತಾರೆ. ಉಳಿದವರೆಲ್ಲ ಪರಮಪ್ರಸಾದಕ್ಕೆ ಮ್ಯಾಥ್ಯೂ ಮುಂದೆ ಸಾಲು ನಿಲ್ಲುತ್ತಾರೆ. ಗ್ರೆಗ್ ಮುಂದೆ ಯಾರೂ ಇಲ್ಲ. ಆಗ ಲೀಸಾ ಒಬ್ಬಳೇ ಬರುತ್ತಾಳೆ. ಇಬ್ಬರೂ ತಬ್ಬಿಕೊಂಡು ಅಳುತ್ತಾರೆ.

ನಾನೂ ಅತ್ತೆ. ಆದರೆ ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಎಲ್ಲರಿಗಿಂತ ಹೆಚ್ಚು ನೋವು ತಿಂದ ಮಗು, ತನಗೆ ಸಹಾಯ ಮಾಡದ ದೊಡ್ಡವನಿಗೆ ಸಮಾಧಾನ ಹೇಳಬೇಕಾ? ಕೆಲಸದಲ್ಲಿ ದಿನಾ ನೋಡುತ್ತೇನೆ. ಇಂಥ ಮಕ್ಕಳು ಎಲ್ಲರ ಮನಸ್ಸು ನೋಡಿಕೊಳ್ಳುವುದನ್ನು ಬೇಗ ಕಲಿತಿರುತ್ತಾರೆ. ಅಮ್ಮ ಅಳಬಾರದು, ಮನೆ ಒಡೆಯಬಾರದು, ಟೀಚರಿಗೆ ಬೇಜಾರಾಗಬಾರದು. ಇಲ್ಲಿ ಪಾದ್ರಿಯ ಭಾರವೂ ಅವಳ ಹೆಗಲಿಗೆ.

ಕರಿಕೋಟು
ಇದು ಒಳ್ಳೆಯ ಪಾಯಿಂಟ್. ಈ ವಾದ ಕಾನೂನಿನಲ್ಲೂ ನಡೆಯುತ್ತಿದೆ. ಗ್ರೆಗ್ ಕಾಲದ ಇಂಗ್ಲೆಂಡಿನಲ್ಲಿ ಗೊತ್ತಾದ ದೌರ್ಜನ್ಯವನ್ನು ವರದಿ ಮಾಡಲೇಬೇಕು ಅನ್ನುವ ಸಾಮಾನ್ಯ ಕಾಯ್ದೆ ಇರಲಿಲ್ಲ. 2022ರಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ಅಲ್ಲಿನ ಸ್ವತಂತ್ರ ವಿಚಾರಣಾ ಆಯೋಗ ವರದಿ ಕಡ್ಡಾಯ ಆಗಬೇಕು, ಪಾಪನಿವೇದನೆಗೂ ವಿನಾಯಿತಿ ಬೇಡ ಅಂತ ಶಿಫಾರಸು ಮಾಡಿತು. ಆಸ್ಟ್ರೇಲಿಯಾದ ರಾಯಲ್ ಕಮಿಷನ್ 2017ರಲ್ಲೇ ಹೇಳಿತ್ತು, ಅಲ್ಲಿನ ಕೆಲವು ರಾಜ್ಯಗಳು ಕಾಯ್ದೆಯನ್ನೂ ಮಾಡಿದವು. ಜೈಲಿಗೆ ಹೋಗುತ್ತೇವೆ ಹೊರತು ಮುದ್ರೆ ಮುರಿಯಲ್ಲ ಅಂತ ಬಿಷಪ್‌ಗಳೇ ಹೇಳಿದ್ದುಂಟು.

ಮೇಣದಬತ್ತಿ
ಮುದ್ರೆ ತೆಗೆದರೆ ಲೀಸಾಳಂಥವರು ಗೂಡಿಗೂ ಬರುವುದಿಲ್ಲ ಅನ್ನುವುದು ನನ್ನ ಭಯ. ಹಗಲುಗನಸು ಅವರೇ ಹೇಳಿದರಲ್ಲ, ಅವಳು ಬಾಯಿ ಬಿಟ್ಟಿದ್ದೇ ಆ ಜಾಗ ಭದ್ರ ಅನ್ನಿಸಿದ್ದಕ್ಕೆ.

ಹಗಲುಗನಸು
ಬಾಯಿ ಬಿಟ್ಟು ಏನಾಯಿತು ಹೇಳಿ? ಮನೆಗೆ ಹೋದಳು, ಅದೇ ಅಪ್ಪ ಇದ್ದ. ಭದ್ರ ಅನ್ನಿಸುವುದು ಬೇರೆ, ಭದ್ರ ಆಗಿರುವುದು ಬೇರೆ.

ಮರಳಿಬಂದವ
ಹಗಲುಗನಸು ಅವರ ಸಿಟ್ಟು ನ್ಯಾಯವಾದದ್ದು. ಆದರೆ ಆ ಕೊನೆಯನ್ನು ನಾನು ಬೇರೆ ಥರ ನೋಡಿದೆ. ಲೀಸಾ ಅವನನ್ನು ಸಮಾಧಾನ ಮಾಡಲು ಬಂದಳು ಅಂತ ಯಾಕೆ ಅಂದುಕೊಳ್ಳಬೇಕು? ಅವಳು ತನ್ನ ಪರಮಪ್ರಸಾದ ಕೇಳಲು ಬಂದಳು. ಇಷ್ಟು ದಿನ ಎಲ್ಲರೂ ಅವಳ ಪರವಾಗಿ ತೀರ್ಮಾನ ತೆಗೆದುಕೊಂಡವರೇ. ಅಪ್ಪ, ಪಾದ್ರಿ, ನಿಯಮ. ಇಲ್ಲಿ ಇಡೀ ಊರು ಒಂದು ಸಾಲಿನಲ್ಲಿ ನಿಂತಿದ್ದಾಗ, ಇನ್ನೊಂದು ಕಡೆ ನಡೆದಿದ್ದು ಅವಳ ಸ್ವಂತ ತೀರ್ಮಾನ. ಆ ಗುಡಿಯೊಳಗೆ ಗುಟ್ಟಿನ ಭಾರ ಏನು ಅಂತ ಗೊತ್ತಿದ್ದವರು ಅವರಿಬ್ಬರೇ.

ಹಗಲುಗನಸು
ಹಾಗೆ ನೋಡಬಹುದು. ಆದರೂ ಹಾಗೆ ತೀರ್ಮಾನ ತೆಗೆದುಕೊಳ್ಳುವುದಕ್ಕೆ ಮೊದಲು ಅವಳ ಕತೆಗೆ ಇನ್ನೊಂದು ಹತ್ತು ನಿಮಿಷ ಕೊಡಬೇಕಿತ್ತು. ತಾಯಿಗೆ ಗೊತ್ತಾದ ಮೇಲೆ ಆ ಹುಡುಗಿ ಹೇಗಿದ್ದಳು ಅಂತ ನಾವು ನೋಡಿದ್ದು ತುಂಬಾ ಕಮ್ಮಿ.

ದಾರಿಹೋಕ
ಆ ಕಾಲದ ಗಲಾಟೆ ಗೊತ್ತಿಲ್ಲದವರಿಗೆ: ಟೊರಾಂಟೊ ಉತ್ಸವದಲ್ಲಿ 1994ರಲ್ಲಿ ಪ್ರೇಕ್ಷಕರ ಪ್ರಶಸ್ತಿ ಇದಕ್ಕೇ ಬಂತು. ಅಮೆರಿಕದಲ್ಲಿ ಮಾತ್ರ ಕತೆ ಬೇರೆ. ಅಲ್ಲಿನ ವಿತರಕ ಕಂಪನಿ ಮಿರಾಮ್ಯಾಕ್ಸ್ ಇದನ್ನು 1995ರ ಗುಡ್ ಫ್ರೈಡೇ ದಿನವೇ ದೊಡ್ಡದಾಗಿ ಬಿಡಲು ಹೊರಟಿತ್ತು. ಕ್ಯಾಥೊಲಿಕ್ ಲೀಗ್ ಅನ್ನುವ ಅಲ್ಲಿನ ಸಂಘಟನೆ ಎದ್ದು ನಿಂತಿತು. ಮಿರಾಮ್ಯಾಕ್ಸ್ ಆಗ ಡಿಸ್ನಿಯ ಕೈಯಲ್ಲಿದ್ದುದರಿಂದ ಡಿಸ್ನಿಗೇ ಬಹಿಷ್ಕಾರ ಹಾಕಿ ಅಂದರು. ಆಮೇಲೆ ದಿನಾಂಕ ಬದಲಾಯಿತು.

ಮೇಣದಬತ್ತಿ
ಗುಡ್ ಫ್ರೈಡೇ ದಿನ ಬಿಡಲು ಹೋಗಿದ್ದು ನನಗೂ ಸರಿ ಕಾಣುವುದಿಲ್ಲ. ಅದು ಪ್ರಚಾರಕ್ಕೆ ಮಾಡಿದ್ದು. ಸಿನಿಮಾ ಶ್ರದ್ಧೆಯಿಂದ ಮಾಡಿದ್ದು, ಮಾರಿದ ರೀತಿ ಹಾಗಿರಲಿಲ್ಲ.

ಚದುರಂಗ
ಟಾಮ್ ವಿಲ್ಕಿನ್ಸನ್ ಬಗ್ಗೆ ಒಂದು ಮಾತು. 2023ರ ಕೊನೆಗೆ ತೀರಿಕೊಂಡರು. ಮ್ಯಾಥ್ಯೂ ಪಾತ್ರದಲ್ಲಿ ಅವರ ನಗು, ಸಿಟ್ಟು, ಸುಸ್ತು ಎಲ್ಲ ಒಂದೇ ಮುಖದಲ್ಲಿ ಕಾಣುತ್ತದೆ. ನಾನು ಚರ್ಚಿಗೆ ಹೋಗುವವನಲ್ಲ. ಅಂಥ ಪಾದ್ರಿ ಇದ್ದರೆ ಒಂದು ಸಲ ಹೋಗಿ ಕೂರುತ್ತಿದ್ದೆ.

ಬಿಡಿಹೂವು
ಇಷ್ಟು ಹೊತ್ತು ಓದುತ್ತಾ ಬಂದೆ. ಮ್ಯಾಥ್ಯೂನ ಎಲ್ಲರೂ ಹೊಗಳಿದಿರಿ. ಮಾರಿಯಾ ಬಗ್ಗೆ ಯಾರಾದರೂ ಒಂದು ಸಾಲು ಬರೆದಿರಾ? ಊರಿನ ಕಣ್ಣಿಗೆ ಅವಳು ಹೌಸ್‌ಕೀಪರ್. ಮನೆಯೊಳಗೆ ಹೆಂಡತಿ. ಕಾಗದದ ಮೇಲೆ ಯಾರೂ ಅಲ್ಲ. ನಾಳೆ ಬಿಷಪ್ ಮ್ಯಾಥ್ಯೂನ ಬೇರೆ ಊರಿಗೆ ಹಾಕಿದರೆ ಅವನಿಗೆ ಅಲ್ಲೂ ಒಂದು ಮನೆ ಸಿಗುತ್ತದೆ. ಇವಳು ಪೆಟ್ಟಿಗೆ ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು? ಗ್ರೆಗ್‌ನ ಗುಟ್ಟು ಬಯಲಾಗಿ ಅವನು ಬಿದ್ದ. ಇವಳ ಗುಟ್ಟು ಬಯಲಾಗದೇ ಇದ್ದರೂ ಇವಳಿಗೆ ಲಾಭ ಇಲ್ಲ.

ಸಂಜೆಗಾಳಿ
ಮ್ಯಾಥ್ಯೂ ಅವಳನ್ನು ಪ್ರೀತಿಸುತ್ತಾನೆ ಅನ್ನುವುದರಲ್ಲಿ ಸಂಶಯ ಇಲ್ಲ.

ಬಿಡಿಹೂವು
ಸಂಶಯ ನನಗೂ ಇಲ್ಲ. ಗ್ರೆಗ್ ಪರವಾಗಿ ಇಡೀ ಚರ್ಚಿನ ಎದುರು ನಿಂತು ಕ್ಷಮೆಯ ಬಗ್ಗೆ ಮಾತಾಡುವ ಧೈರ್ಯ ಅವನಿಗಿದೆ. ಅಷ್ಟು ಧೈರ್ಯ ಇರುವವನು ಕಾಲರ್ ಬಿಟ್ಟು ಅವಳನ್ನು ಮದುವೆಯಾಗಬಹುದಿತ್ತು.

ಮೇಣದಬತ್ತಿ
ಬಿಟ್ಟು ಹೋದರೆ ಅವನು ಪೂಜೆ ಮಾಡುವಂತಿಲ್ಲ. ಅವನಿಗೆ ಎರಡೂ ಬೇಕು, ಎರಡೂ ಸುಳ್ಳಲ್ಲ. ನಿಯಮ ಹಾಗಿರುವುದರಿಂದ ಆರಿಸಿಕೊಳ್ಳಬೇಕಾಗಿದೆ.

ಬಿಡಿಹೂವು
ಆರಿಸಿಕೊಳ್ಳದೆ ಇರುವುದರ ಬೆಲೆ ಯಾರು ಕೊಡುತ್ತಿದ್ದಾರೆ ಅಂತಷ್ಟೇ ನಾನು ಕೇಳಿದ್ದು. ಅವನಂತೂ ಕೊಡುತ್ತಿಲ್ಲ.